ಭಾರತಿಯ ಬೆನ್ನು, ನನ್ನ ಹೊರಸು

ಪಾಮನಕಲ್ಲೂರು
14-11-2024, ಗುರುವಾರ

ಮಗ ಸಿದ್ದರಾಮನಿಗೆ ಅವ್ವನ ಸಾವಿರ ಆಶೀರ್ವಾದ.

ಆರಾಮ ಇದ್ದೀಯಾ? ಅಲ್ಲಿಯ ಚಳಿಗೆ ಮೂಗು ಕಟ್ಟುವುದು ನಿಂತಿತೇ? ರೊಟ್ಟಿಗೆ ಹಚ್ಚಿಕೊಳ್ಳಲು ಕಳಿಸಿದ ಶೇಂಗಾ ಹಿಂಡಿ ನೀನೇ ತಿನ್ನು, ಪಲ್ಟನ್ನಿಗೆಲ್ಲ ಹಂಚಬೇಡ. ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಥೇಟ್ ನೀನೇ. ಫೋನಿನಲ್ಲಿ ಹೇಳೋಣವೆಂದರೆ ಭಾರತಿ ಪಕ್ಕದಲ್ಲೇ ಇರುತ್ತಾಳೆ, ನೆರೆಮನೆಯ ಫೋನಿನಲ್ಲಿ ಹೇಳಿದರೆ ಊರಿಗೇ ಡಂಗುರ. ಅದಕ್ಕೇ ಈ ಕಾಗದ.

ಹನ್ನೆರಡು ದಿನದಿಂದ ನೀನು ಹೆಂಡತಿಯೊಂದಿಗೆ ಮಾತಾಡಿಲ್ಲ. ಯಾಕೆಂದು ನನಗೆ ಗೊತ್ತು. ಅವಳು ಸ್ನಾನಕ್ಕೆ ಹೋಗಿದ್ದಾಗ ನಿನ್ನ ಫೋನ್ ಎತ್ತಿ, "ನಿನ್ನ ಹೆಂಡ್ತಿ ಕೆಲಸ ತಪ್ಪಿಸಾಕ ಸೊಂಟದ ಬ್ಯಾನಿ ನಾಟಕ ಆಡಾಕತ್ತಾಳ" ಎಂದು ಚುಚ್ಚಿದವಳು ನಾನೇ. ಏನು ಮಾಡಲಿ, ನನ್ನ ಕಣ್ಣೇ ಅಂಥದ್ದು. ಸಿಸೇರಿಯನ್ ಆಗಿ ಐದು ತಿಂಗಳಾದರೂ ರೊಟ್ಟಿ ಬಡಿಯಲು ಕೂತ ಕೂಡಲೇ ಸೊಂಟ ಹಿಡಿಯುತ್ತಾಳೆ, ತವರಿನ ಫೋನ್ ಬಂದರೆ ನಗುತ್ತಾಳೆ! ಮೊದಲು ಅವಳ ಮೇಲೆ ಅನುಮಾನ. ಆಮೇಲೆ ಲಿಂಗಸೂಗೂರಿನ ಬೀಗತಿಯ ಮೇಲೆ, ಬಾಣಂತನ ಸರಿಯಾಗಿ ಮಾಡಿಲ್ಲವೆಂದು. ಪಕ್ಕದ ಚಾಂದ್‌ಬೀ ಬಂದು "ಬೆನ್ನಿಗೆ ಸೂಜಿ ಚುಚ್ಚ್ಯಾರಲ್ಲ, ಅದ ಕೆಟ್ಟೈತಿ ಬಿಡವ್ವ" ಅಂದ ಮೇಲೆ ಆಪರೇಶನ್ ಮಾಡಿದವರ ಮೇಲೆ.

ಮೊನ್ನೆ ಸೋಮವಾರ ಅವಳ ಬಣ್ಣ ಬಯಲು ಮಾಡಲೆಂದೇ ಸಿಂಧನೂರಿನ ದವಾಖಾನೆಗೆ ಜೊತೆಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ನನಗಿಂತ ಕೆದಕಿ ಕೇಳುವವರು. ಕಾಲು ಜೋಮು ಹಿಡಿಯುತ್ತದೆಯೇ, ಜ್ವರವಿದೆಯೇ, ಉಚ್ಚೆಗೆ ತೊಂದರೆಯೇ ಎಂದರು. ಅಂಥದ್ದಿದ್ದರೆ ತಡಮಾಡದೆ ಬರಬೇಕಂತೆ. ದೇವರ ದಯೆ, ಒಂದೂ ಇಲ್ಲ. ಸೂಜಿ ಚುಚ್ಚಿದ ಜಾಗದ ನೋವು ಸಾಮಾನ್ಯವಾಗಿ ಕೆಲವೇ ದಿನದ್ದಂತೆ. ಬಸುರಿನಲ್ಲಿ ಕೀಲು ಸಡಿಲಾಗಿರುತ್ತವೆ, ಕೊಯ್ದ ಹೊಟ್ಟೆಗೆ ಇನ್ನೂ ಬಲ ಬಂದಿಲ್ಲ, ಭಾರವೆಲ್ಲ ಸೊಂಟಕ್ಕೆ ಅಂದರು. ಆಮೇಲೆ ಕೇಳಿದರು, "ಎಲ್ಲಿ ಕುಂತು ಹಾಲು ಕುಡಸ್ತೀಯವಾ?"

ಭಾರತಿ ನನ್ನ ಮುಖ ನೋಡಿದಳು. ನಾನೇ ಜಂಬದಿಂದ ಹೇಳಿದೆ, "ನಮ್ಮ ಹೊರಸಿನ ಮ್ಯಾಲೆ ರೀ. ನನ್ನ ಮೂರೂ ಬಾಣಂತನ ಅದರ ಮ್ಯಾಲೇ ಆಗ್ಯಾವ." ಬಾಣಂತಿಗೆ ಕೆಳಗೆ ಕೆಂಡ ಇಡಲು ನುಲಿ ಹೆಣೆದ ಹೊರಸು ಮಂಚವೇ ಬೇಕೆಂದು ಅದನ್ನು ಟಂಟಂ ಗಾಡಿಯಲ್ಲಿ ಬೀಗರ ಮನೆಗೆ ಕಳಿಸಿದವಳು ನಾನು. ಅವಳೊಂದಿಗೆ ಇಲ್ಲಿಗೆ ಮರಳಿ ತರಿಸಿದವಳೂ ನಾನು. ಅದರ ನುಲಿಯೆಲ್ಲ ಸಡಿಲಾಗಿ ನಡು ನೆಲಕ್ಕೆ ಜೋತುಬಿದ್ದಿದೆ. ಐದು ತಿಂಗಳು ಆ ಕುಣಿಯಲ್ಲಿ ಬಾಗಿ ಬಾಗಿ ಕೂಸಿಗೆ ಮೊಲೆ ಕೊಟ್ಟಿದ್ದಾಳೆ, ಅತ್ತೆ ಬೇಜಾರಾದಾಳೆಂದು ಒಂದು ಮಾತೂ ಆಡದೆ. ನನಗೆ ಅಲ್ಲೇ ನಾಚಿಕೆಯಾಯಿತು.

ಈಗ ಗಟ್ಟಿ ಹಾಸಿಗೆ ಹಾಕಿದ್ದೇನೆ. ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ದಿಂಬಿಟ್ಟು, ಕೂಸನ್ನೇ ಎದೆಮಟ್ಟಕ್ಕೆ ತಂದುಕೊಳ್ಳುತ್ತಾಳೆ. ಬಿಸಿನೀರಿನ ಕಾವು ಕೊಡುತ್ತೇನೆ, ಸಂಜೆ ಓಣಿಯಲ್ಲಿ ನಡೆಯುತ್ತಾಳೆ. ಕೊಡ ನಾನೇ ಹೊರುತ್ತೇನೆ. ನಿಧಾನಕ್ಕೆ ಕಡಿಮೆಯಾಗುತ್ತದಂತೆ. ಡಾಕ್ಟರಮ್ಮ ಕಲಿಸಿದ ಕಸರತ್ತು ಪೂರಾ ಮಾಡುತ್ತಾಳೋ ಇಲ್ಲವೋ ಎಂದು ಮಾತ್ರ ಬಾಗಿಲ ಸಂದಿಯಿಂದ ನೋಡುತ್ತಿರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಪ್ಪ ನಿನ್ನ ಕ್ಷೇಮ ಕೇಳಿದ್ದಾನೆ. ದುರ್ಗಮ್ಮ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ರೇಣುಕಾದೇವಿ

ತಾ.ಕ.: ಅಂಚೆಯ ಅಂಬಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಮುಂಜಾನೆ ಭಾರತಿ ಕೇಳಿದಳು, "ಅತ್ತಿ, ಅವರಿಗೆ ನೀವೇನಾರ ಹೇಳೀರೇನ್ರಿ?" "ಇಲ್ಲವಾ, ನಾ ಯಾಕ ಹೇಳಲಿ" ಅಂದುಬಿಟ್ಟೆ. "ಹಂಗಾರ ನಂದ ಏನೋ ತಪ್ಪಾಗಿರಬೇಕು" ಅಂತ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವಳೆದುರು ನಿಜ ಹೇಳಲು ನನಗೆ ಧೈರ್ಯ ಸಾಲದು ಸಿದ್ದರಾಮ. ಕಾಗದ ಕೈಗೆ ಬಂದ ಕೂಡಲೇ ಅವಳಿಗೆ ಫೋನ್ ಮಾಡು, ಹೇಳಿದವಳು ನಮ್ಮವ್ವನೇ ಎಂದು ಮೊದಲು ಹೇಳು.