ಮೂರು ಗಂಟೆಯ ದಾರಿಗೆ ಏಳು ಕಡೆ ನಿಲ್ಲುವವನಿಗೆ

ತಮ್ಮಾ,

ಫ್ರಿಜ್ಜಿಗೆ ಅಂಟಿಸಿದ್ದ ನಿನ್ನ ಪ್ರಯಾಣದ ಯೋಜನೆ ಓದಿದೆ. ಮೂರು ಗಂಟೆಯ ದಾರಿಗೆ ಏಳು ಕಡೆ ನಿಲ್ಲುವ ಭೂಪನನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಕಡೆ ಕಾಫಿ, ಒಂದು ಕಡೆ ಸೇತುವೆಯ ಫೋಟೋ, ಇನ್ನೊಂದು ಕಡೆ ‘ಸುಮ್ನೆ ಕಾಲಾಡಿಸೋಕೆ’! ನಾವು ಹೊರಟಿದ್ದು ತಂಗಿಯನ್ನು ಕರೆತರಲು ಮಾರಾಯ. ಅವಳ ಗಂಡ ಒಂದು ಗಂಟೆಗೆ ಕೆಲಸದಿಂದ ಮರಳುತ್ತಾನೆ; ಅಷ್ಟರೊಳಗೆ ಅವಳು ಆ ಮನೆಯಿಂದ ಹೊರಬಿದ್ದಿರಬೇಕು. ನಿನ್ನ ಯೋಜನೆಯಂತೆ ನಾವು ಮುಟ್ಟುವುದು ಎರಡೂವರೆಗೆ.

ಬೇಕೆಂದೇ ಹಾಗೆ ಬರೆದಿದ್ದೀಯ. ಆ ಮನುಷ್ಯನ ಎದುರು ನಿಲ್ಲಲು ನಿನಗೆ ಧೈರ್ಯವಿಲ್ಲ. ಹೋದ ಸಲ ಅವಳು ಏಟು ತಿಂದು ಬಂದಾಗಲೂ “ಸ್ವಲ್ಪ ಹೊಂದ್ಕೊಂಡ್ ಹೋಗೇ” ಎಂದು ಬಸ್ಸು ಹತ್ತಿಸಿ ಬಂದವನು ನೀನೇ ಅಲ್ಲವೇ?

ಕಾರು ನಾನು ಒಯ್ಯುತ್ತಿದ್ದೇನೆ. ಎದ್ದ ಮೇಲೆ ಅವಳ ಕೋಣೆಯಿಂದ ನಿನ್ನ ಡಂಬೆಲ್ಸ್ ಎತ್ತಿ ಹೊರಗಿಡು. ಆ ತೋಳು ಬೆಳೆಸಿದ್ದು ಯಾವ ಪುರುಷಾರ್ಥಕ್ಕೋ! ಮಂಚದ ಮೇಲೆ ಒಗೆದ ಹೊದಿಕೆ ಹಾಸು. ಮುಂಬಾಗಿಲ ಚಿಲಕ ಸಡಿಲವಾಗಿದೆ, ಬಡಗಿಯನ್ನು ಇವತ್ತೇ ಕರೆಸು.

ಅವಳು ಬಂದಾಗ ಬುದ್ಧಿಮಾತು ಬೇಡ. ತಪ್ಪಾಯಿತು ಎಂದು ಹೇಳು. ಅಷ್ಟು ಹೇಳಲೂ ಬಾಯಿ ಬರದಿದ್ದರೆ ಬಿಸಿನೀರು ಕಾಯಿಸಿಟ್ಟು ನಿನ್ನ ಕೋಣೆಗೆ ಹೋಗು.

ಅಕ್ಕ