ತೊಂಬತ್ತಾರಕ್ಕೇ ನಿಂತ ಇನ್‌ಹೇಲರ್

ಮಾರ್ಚ್ 4. ಬೆಳಿಗ್ಗೆ 6.40
ಉಸಿರಿನ ಬಿರುಸು ಅಳೆಯುವ ಮೀಟರ್ ಊದಿದೆ. 340. ಹೋದ ವಾರ 380 ಇತ್ತು.
ಬಸಿರಿಗೆ ಹನ್ನೆರಡನೇ ವಾರ. ಉಬ್ಬಸಕ್ಕೆ ದಿನಾ ಎಳೆಯಬೇಕಾದ ಕಂದು ಇನ್‌ಹೇಲರ್ ಬಿಟ್ಟು ಒಂಬತ್ತು ದಿನ. ಯಾರಿಗೂ ಹೇಳಿಲ್ಲ. ಹೋದ ಸಲದ ಬಸಿರಿನಲ್ಲಿ ಒಂದು ಹೊತ್ತೂ ತಪ್ಪಿಸದೆ ಎಳೆದಿದ್ದೆ. ಹನ್ನೊಂದನೇ ವಾರಕ್ಕೆ ಮಗು ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರಮ್ಮ ಎರಡು ಸಲ ಹೇಳಿದ್ದಾರೆ. ತಲೆಗೆ ಗೊತ್ತು. ಹೊಟ್ಟೆಗೆ ಯಾರು ಹೇಳಬೇಕು?

ಮಾರ್ಚ್ 7
ನಾನು ಕೆಲಸ ಮಾಡುವ ಮೆಡಿಕಲ್ ಶಾಪಿಗೆ ಒಬ್ಬ ಬಸುರಿ ಬಂದಳು. ಚೀಟಿಯಲ್ಲಿ ನನ್ನದೇ ಇನ್‌ಹೇಲರ್.
"ಅಕ್ಕಾ, ಮಗುಗೆ ಏನೂ ಆಗಲ್ವಾ?"
"ಬಿಟ್ರೇನೇ ತೊಂದ್ರೆ ಕಣಮ್ಮ. ನಿನಗೆ ಉಸಿರು ಸಾಲದಿದ್ರೆ ಅದಕ್ಕೂ ಸಾಲಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸು."
ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ. ಅವಳು ಹೋದ ಮೇಲೆ ಹಿಂದಿನ ಕೋಣೆಯಲ್ಲಿ ನೀಲಿಯದನ್ನು, ಉಸಿರು ಕಟ್ಟಿದಾಗ ಎಳೆಯುವುದನ್ನು, ಎರಡು ಸಲ ಎಳೆದೆ.

ಮಾರ್ಚ್ 12. ಸಂಜೆ
ಮನೆಯ ಮೆಟ್ಟಿಲು ಹದಿನಾರೇ. ಮೂರು ಕಡೆ ನಿಂತೆ. ನಮ್ಮವರು ಚೀಲ ಇಸಿದುಕೊಂಡು, "ಯಾಕೆ, ಸುಸ್ತಾ?" ಅಂದರು.
"ಇಬ್ಬರು ಹತ್ತಬೇಕಲ್ರೀ!"
ನಕ್ಕರು. ಸುಳ್ಳು ಸಲೀಸಾಗಿ ಬರುತ್ತದೆ, ಉಸಿರು ಬರುವುದಿಲ್ಲ. 270.

ಮಾರ್ಚ್ 15. ಮಧ್ಯಾಹ್ನ
ಅತ್ತೆ ಕಂದು ಇನ್‌ಹೇಲರ್ ತಂದು ಮೇಜಿನ ಮೇಲೆ ಕುಕ್ಕಿದರು. ಮೂವತ್ತು ವರ್ಷ ಬಟ್ಟೆ ಹೊಲಿದವರು, ಅರ್ಧ ಇಂಚೂ ಕಣ್ಣು ತಪ್ಪುವುದಿಲ್ಲ. ಡಬ್ಬಿಯ ಕಿಂಡಿಯಲ್ಲಿ ಎಷ್ಟು ಪಫ್ ಉಳಿದಿದೆ ಅಂತ ಕಾಣುತ್ತದೆ.
"ಹತ್ತು ದಿನದಿಂದ ನೋಡ್ತಿದೀನಿ. ಮೊನ್ನೆ ತೊಂಬತ್ತಾರು. ನಿನ್ನೆ ತೊಂಬತ್ತಾರು. ನನಗೇನು ಎಣಿಸೋಕೆ ಬರಲ್ವಾ?"
ಬೈಗುಳಕ್ಕೆ ಕಾದೆ. ಅವರು ಪಕ್ಕದಲ್ಲಿ ಕುಳಿತರು.
"ನನ್ನ ಮೊದಲನೇದೂ ನಿಲ್ಲಲಿಲ್ಲ. ಮಿಷನ್ ತುಳಿದೇ ಹೋಯ್ತು ಅಂತ ವರ್ಷಗಟ್ಟಲೆ ಅದನ್ನ ಮುಟ್ಟಲಿಲ್ಲ ನಾನು. ಯಾವುದರ ಮೇಲಾದ್ರೂ ತಪ್ಪು ಹೊರಿಸ್ಬೇಕಲ್ಲ, ಮಗಳೇ..."
ಏನೋ ಹೇಳಹೋದೆ. ಎದೆಯಿಂದ ಸಿಳ್ಳೆ ಬಂತು, ಮಾತು ಬರಲಿಲ್ಲ. ಈಗಲೂ ಉಸಿರು ಸಾಲ—

ಮಾರ್ಚ್ 18. ಆಸ್ಪತ್ರೆ
ಬರೆಯುತ್ತಿದ್ದಂತೆಯೇ ಪೆನ್ನು ಬಿತ್ತಂತೆ. ತುಟಿ ನೀಲಿಯಾಗಿತ್ತಂತೆ. ಆಂಬುಲೆನ್ಸ್, ಮುಖಕ್ಕೆ ಮಾಸ್ಕ್. ಅತ್ತೆ ದಾರಿಯುದ್ದಕ್ಕೂ ಬೆನ್ನು ಸವರುತ್ತಾ ಬೈದದ್ದು ಮಾತ್ರ ನೆನಪು.
ಇವತ್ತು ಸ್ಕ್ಯಾನ್. ಡಾಕ್ಟರಮ್ಮ ಪರದೆ ನೋಡುತ್ತಲೇ ಇದ್ದರು. ಆಮೇಲೆ — ಡಬಡಬ ಸದ್ದು, ಮಗುವಿನ ಎದೆಬಡಿತ.
"ಗಟ್ಟಿಯಾಗಿದೆ. ನಿಮ್ಮನ್ನ ಬೈಯೋದು ನಾಳೆಗಿರಲಿ."
ನಮ್ಮವರಿಗೆ ಎಲ್ಲ ಹೇಳಿದೆ. ಗೋಡೆ ಕಡೆ ತಿರುಗಿ ನಿಂತರು. "ನನಗೊಂದು ಮಾತು ಹೇಳಬಾರದಿತ್ತಾ?"
ಹಾಸಿಗೆಯಿಂದಲೇ ಅವರ ಅಂಗಿಯ ತುದಿ ಹಿಡಿದೆ.

ಏಪ್ರಿಲ್ 2
360. ಬೆಳಿಗ್ಗೆ ಎರಡು ಪಫ್, ಸಂಜೆ ಎರಡು. ಪ್ರತಿ ಸಲ ಎದೆ ಧಸಕ್ಕೆನ್ನುತ್ತದೆ. ಆದರೂ ಎಳೆಯುತ್ತೇನೆ.

ಆಗಸ್ಟ್ 29. ಬೆಳಿಗ್ಗೆ 9.10
ಮೂವತ್ತೇಳು ವಾರ ಮುಗಿದಿದೆ. ತಿಂಡಿ ಅರ್ಧಕ್ಕೇ ಬಿಟ್ಟೆ. ನೀರು ಹೋಯಿತು. ಎಂಟು ನಿಮಿಷಕ್ಕೊಂದು ನೋವು. ಎದೆಯಲ್ಲಿ ಸಿಳ್ಳೆ ಇಲ್ಲ. ನಮ್ಮವರು ಬೇರೆ ಬೇರೆ ಜೊತೆಯ ಚಪ್ಪಲಿ ಮೆಟ್ಟಿಕೊಂಡು ಟ್ಯಾಕ್ಸಿ ಹುಡುಕಲು ಓಡಿದ್ದಾರೆ. ಅತ್ತೆ ಕೆಳಗಿನಿಂದ ಕೂಗುತ್ತಿದ್ದಾರೆ, "ಬರೆದದ್ದು ಸಾಕು, ಹೆತ್ತು ಬಂದು ಬರಿ!"
ಹೆದರಿಕೆ ಇಲ್ಲ ಅಂದರೆ ಸುಳ್ಳು. ಆದರೆ ಈಗ ಹೆದರುವುದಕ್ಕೆ ಮೂವರಿದ್ದೇವೆ. ಇನ್ನೊಂದು ನೋವು ಬರು—