ಸಂಜೆಯ ಒಲೆಯ ಜೋಡಿನೋಟ

ಗಾಳಿಶಕ ೧೪೨, ಎರಡನೆಯ ಶ್ರಾವಣದ ಮೂವತ್ತೆಂಟನೆಯ ದಿನ
ಮುಂಡರಗಿ ಮೇಲೂರು

ಚಿರಂಜೀವಿ ಶಿವಲೀಲಾಗೆ, ನೀಲಗಂಗವ್ವನ ಆಶೀರ್ವಾದಗಳು.

ನೀನು ನನಗಿಂತ ಏಳು ತಲೆಮಾರು ಹಿರಿಯಳು. ರೀತಿಯಂತೆ ನಾನೇ ನಿನ್ನ ಕಾಲಿಗೆ ಬೀಳಬೇಕು. ಆದರೆ ಬರೆಯುವ ಹೊತ್ತಿಗೆ ನನಗೆ ಎಂಬತ್ತು ದಾಟಿದೆ, ಓದುವ ಹೊತ್ತಿಗೆ ನಿನಗಿನ್ನೂ ಮೂವತ್ತು ತುಂಬಿಲ್ಲ. ಹಾಗಾಗಿ ಹರಸುವ ಸಲಿಗೆ ತೆಗೆದುಕೊಂಡಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಶಾಲೆ ಕಲಿತವಳಲ್ಲ, ಕಟ್ಟೆಯ ಮೇಲೆ ಕೂತು ಕಲಿತವಳು.

ನಿನ್ನ ಈ ವಾರದ ಸಂಕಟ ನಮ್ಮ ಮನೆತನದ ಹೆಂಗಸರ ಬಾಯಿಂದ ಬಾಯಿಗೆ ಇಲ್ಲಿಯವರೆಗೂ ಬಂದಿದೆ. ನಿನ್ನ ಸಂಶೋಧನೆಗೆ ಒಂದು ಕಡೆ ಸಾವಿರ ಮನೆಗಳ ಅಂಕಿಅಂಶ, ಇನ್ನೊಂದು ಕಡೆ ಹದಿನಾಲ್ಕು ಹೆಂಗಸರ ಮಾತು. "ಎರಡು ದೋಣಿ ಮ್ಯಾಲೆ ಕಾಲಿಡಬ್ಯಾಡ ತಂಗಿ, ಒಂದು ಹಿಡಿ, ಒಂದು ಬಿಡು" ಅಂದರಂತೆ ನಿನ್ನ ಮಾರ್ಗದರ್ಶಕರು. ನೀನು ಏನು ಮಾಡಿದೆ ಅನ್ನುವುದು ಮಾತ್ರ ನಮಗೆ ಗೊತ್ತಿಲ್ಲ. ಹೇಳುವವರು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಾರೆ.

ನಿನ್ನ ನಂತರ ಏನಾಯಿತೆಂದು ನಾನು ಹೇಳಬಲ್ಲೆ. ಅಂಕಿಯವರೂ ಮಾತಿನವರೂ ಬಹಳ ಕಾಲ ಬೇರೆ ಬೇರೆ ಪಂಗ್ತಿಯಲ್ಲೇ ಕೂತರು. ಆಮೇಲೆ ಅಂಕಿಯವರು ಸ್ವಲ್ಪ ಸಡಿಲಗೊಂಡು, ಲೆಕ್ಕವೆಲ್ಲ ಬೆಂದ ಮೇಲೆ ಒಂದೆರಡು ಮಾತನ್ನು ಒಗ್ಗರಣೆಗೆಂದು ಹಾಕತೊಡಗಿದರು. ಇನ್ನೂ ಆಮೇಲೆ ಬಂದ ಯಂತ್ರಗಳು ಜನರ ಮಾತನ್ನೆಲ್ಲ ನುಣ್ಣಗೆ ಅರೆದು ಅಂಕಿಯನ್ನೇ ಮಾಡಿಟ್ಟವು. ಈಗ ನಮ್ಮಲ್ಲಿರುವುದು ಜೋಡಿನೋಟ. ಊರಿನ ಯಾವ ಪ್ರಶ್ನೆಗಾದರೂ ಇಬ್ಬರನ್ನು ಕಳಿಸುತ್ತೇವೆ, ಒಬ್ಬರು ಎಣಿಸುವವರು, ಒಬ್ಬರು ಕೇಳುವವರು. ಕೆಲಸ ಮುಗಿಯುವವರೆಗೆ ಇಬ್ಬರೂ ತಮ್ಮೊಳಗೆ ಆ ವಿಷಯ ಮಾತಾಡುವಂತಿಲ್ಲ. ಆಮೇಲೆ ಎದುರುಬದುರು ಕೂರಿಸುತ್ತೇವೆ. ಅವರ ನಡುವೆ ಕೂರುವ ಮುದುಕಿ ನಾನು. ಇಬ್ಬರೂ ತಟ್ಟನೆ ಒಪ್ಪಿಬಿಟ್ಟರೆ ನನಗೆ ಅನುಮಾನ. ಜಗಳಾಡಿದರೆ ಚಹಾ ತರಿಸುತ್ತೇನೆ.

ಹೋದ ನಿಂತಗಾಳಿಯಲ್ಲಿ ನಡೆದದ್ದನ್ನು ಕೇಳು. ಕಪ್ಪತಗುಡ್ಡದ ಮೇಲಿನ ಗಾಳಿಗಿರಣಿಗಳು ತಿರುಗದ ಎರಡು ತಿಂಗಳಿಗೆ ನಾವು ನಿಂತಗಾಳಿ ಅನ್ನುತ್ತೇವೆ. ಆಗ ಎಷ್ಟೋ ಮನೆಗಳಲ್ಲಿ ಒಲೆಗೆ ಕರೆಂಟು ಸಾಲದು. ಓಣಿಗೊಂದರಂತೆ ಕೂಡೊಲೆ, ಅಂದರೆ ಎಲ್ಲರಿಗೂ ಸೇರಿದ ಒಲೆ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಉರಿಯುತ್ತದೆ. ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ; ಹಬ್ಬವಿದ್ದರೆ ಮಾದಲಿ. ಆ ಸಲ ನೀರೆತ್ತುವ ಪಂಪಿಗೆ ಕರೆಂಟು ಬೇಕೆಂದು ಊರಸಭೆ ಸಂಜೆಯ ಒಲೆಯನ್ನು ಪರೀಕ್ಷೆಗಾಗಿ ನಂದಿಸಿತು. ಜನ ಹೇಗೋ ಮನೆಯಲ್ಲೇ ಉಣ್ಣುತ್ತಿದ್ದರೆ ಶಾಶ್ವತವಾಗಿ ನಂದಿಸುವುದು ಎಂದು ಮಾತಾಯಿತು.

ಎಣಿಸಲು ಫಕ್ಕೀರಪ್ಪ ಹೋದ. ಒಂದೂ ಮನೆ ಬಿಡದೆ "ನಿನ್ನೆ ಸಂಜಿ ಊಟ ಆತೇನ್ರೀ?" ಎಂದು ಕೇಳಿದ. ಹೆಚ್ಚುಕಡಿಮೆ ಎಲ್ಲರೂ ಆಯಿತೆಂದರು. ಕೇಳಲು ಮೆಹರುನ್ನೀಸಾ ಹೋದಳು. ಅವಳು ಏನನ್ನೂ ಕೇಳದೆ ಒಬ್ಬ ಮುದುಕಿಯ ಜೊತೆ ಶೇಂಗಾ ಸುಲಿಯುತ್ತ ಕೂತಳು, ಆ ಮನೆಯಲ್ಲಿ ಸಂಜೆಗೆ ಏನೂ ಇಲ್ಲದ್ದನ್ನು ಕಣ್ಣಾರೆ ಕಂಡಳು, ರಾತ್ರಿ ಉಪವಾಸವೇ ಎಂದು ಮುದುಕಿ ತಾನಾಗಿಯೇ ಅಂದದ್ದನ್ನೂ ಕೇಳಿಸಿಕೊಂಡಳು.

ಎದುರುಬದುರು ಕೂತಾಗ ಫಕ್ಕೀರಪ್ಪ ನಕ್ಕ. "ನಿಂದು ಒಂದ್ ಮನಿ ಕಥಿ ಮೆಹರಕ್ಕಾ, ನಂದು ಇಡೀ ಓಣಿ ಲೆಕ್ಕ."

"ಬಾಗಲಕ್ಕ ಬಂದೋರ ಮುಂದ ಉಂಡಿಲ್ಲ ಅಂತ ಯಾವ ಹೆಣ್ಮಗಳು ಹೇಳ್ಯಾಳೋ ಶಾಣ್ಯಾ? ನಿಮ್ಮವ್ವ ಹೇಳಿದ್ಲೇನು?"

ಅವನ ನಗು ಅಲ್ಲೇ ನಿಂತಿತು. ಆದರೆ ಅವನ ಮಾತೂ ಸುಳ್ಳಲ್ಲ. ಒಂದು ಮನೆಯ ಹಸಿವಿನಿಂದ ಓಣಿಯ ಹಸಿವನ್ನು ಅಳೆಯಲಾಗದು. ಇಬ್ಬರಲ್ಲಿ ಒಬ್ಬರನ್ನು ಆರಿಸುವ ಬದಲು ಇಬ್ಬರನ್ನೂ ವಾಪಸ್ಸು ಅಟ್ಟಿದೆ. ಈ ಸಲ ಪ್ರಶ್ನೆಯನ್ನು ಕಟ್ಟಿಕೊಟ್ಟವಳು ಮೆಹರ. ಊಟದ ಸುದ್ದಿಯೇ ಬೇಡ, ಒಲೆಯ ಸುದ್ದಿ ಕೇಳು ಅಂದಳು. ಫಕ್ಕೀರಪ್ಪ "ಸಂಜಿ ಒಲಿ ಹಚ್ಚಿದ್ರೇನ್ರೀ?" ಅಂದರೆ ಜನ ಅವನನ್ನೇ ಬೈದರು: "ಕರೆಂಟ ನಿಮ್ಮಪ್ಪ ಕೊಟ್ಟಾನೇನು ಹಚ್ಚಾಕ?" ಹೊಟ್ಟೆಯ ಬಗ್ಗೆ ಮುಚ್ಚಿಡುವವರು ಒಲೆಯ ಬಗ್ಗೆ ಮುಚ್ಚಿಡಲಿಲ್ಲ. ಮೂರರಲ್ಲಿ ಒಂದು ಮನೆಯ ಒಲೆ ಸಂಜೆ ತಣ್ಣಗಿತ್ತು.

ಅಷ್ಟಾದರೂ ಸಾಲದು. ಒಲೆ ಹಚ್ಚದಿದ್ದರೇನು, ಬೆಳಗಿನ ರೊಟ್ಟಿ ಇದ್ದೀತು ಎಂದು ಸಭೆಯವರು ಅಂದೇ ಅನ್ನುತ್ತಾರೆ. ಲೆಕ್ಕಕ್ಕೆ ಮುದುಕಿಯ ಮಾತು ಜೊತೆಯಾಗಬೇಕಿತ್ತು. ನಮ್ಮ ಪದ್ಧತಿಯಂತೆ ಕೇಳಿದ ಮಾತು ಮೊದಲು ಆಡಿದವರ ಮನೆಗೆ, ಆಮೇಲೆ ಸಭೆಗೆ. ಅವರು ಒಲ್ಲೆ ಅಂದರೆ ಮಾತು ಅಲ್ಲಿಗೇ ಮುಗಿಯಿತು. ನಾನೇ ಹೋಗಿ ಕೇಳಿದೆ. ಮುದುಕಿ ಸಿಡಿದಳು: "ನನ್ನ ಹಸಿವಿ ಸಭಾದಾಗ ಓದಾಕ ಬೇಕಾತೇನ ನಿಮಗ?" ಎದ್ದು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕರೆದಳು.

"ನನ್ನ ಹೆಸರು ಹಾಕಬ್ಯಾಡ್ರಿ. ಆದರ ಲೆಕ್ಕದಾಗ ನನ್ನ ಬಿಡಲೂಬ್ಯಾಡ್ರಿ."

ಸಭೆಯಲ್ಲಿ ಎರಡನ್ನೂ ಒಟ್ಟಿಗೆ ಓದಿದೆವು, ತಣ್ಣಗಿನ ಒಲೆಗಳ ಲೆಕ್ಕ ಮತ್ತು ಹೆಸರಿಲ್ಲದ ಆ ಮಾತು. ಮರುದಿನ ಸಂಜೆಯ ಒಲೆ ಹತ್ತಿತು. ಈ ಪತ್ರದಲ್ಲೂ ಆಕೆಯ ಹೆಸರಿಲ್ಲ, ನೋಡಿದೆಯಲ್ಲ.

ಮಗಳೇ, ನಿನ್ನ ಹದಿನಾಲ್ಕು ಮಂದಿಯ ಮಾತೂ ಸಾವಿರ ಮನೆಗಳ ಲೆಕ್ಕವೂ ಒಂದಕ್ಕೊಂದು ಕೂಡದಿದ್ದರೆ ಹೆದರಬೇಡ, ಅವಸರದಿಂದ ರಾಜಿಯನ್ನೂ ಮಾಡಿಸಬೇಡ. ಎಲ್ಲಿ ಕೂಡುವುದಿಲ್ಲವೋ ಆ ಮನೆಗೆ ಇನ್ನೊಮ್ಮೆ ಹೋಗಿ ಕೂತುಕೋ. ಬರೆದದ್ದನ್ನು ಗುರುಗಳಿಗಿಂತ ಮೊದಲು ಆ ಹೆಂಗಸರಿಗೆ ಓದಿ ಹೇಳು, ಬೈದರೆ ಬೈಸಿಕೋ. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಅನ್ನುವುದನ್ನು ಅವರೇ ಹೇಳುತ್ತಾರೆ.